ಬೀಗವಿಲ್ಲದ ಕಪಾಟು

ಕುಣಿಗಲ್ಲಿನಿಂದ ಮದ್ದೂರಿನ ಕಡೆಗೆ ಸಾಗುವ ದಾರಿಯಲ್ಲಿ, ಬೆಂಗಳೂರು ಸೀಮೆಯ ನವದುರ್ಗಗಳಲ್ಲಿ ಒಂದೆಂದು ಹೆಸರಾದ ಬೆಟ್ಟದ ಬುಡದಲ್ಲಿ ನೆಲಸಿರುವ ಹುಲಿಯೂರುದುರ್ಗದಲ್ಲಿ, ಕನ್ನಡದ ಉಪಾಧ್ಯಾಯರಾಗಿದ್ದು ನಿವೃತ್ತರಾದ ಹಿರಿಯರೊಬ್ಬರಿಗೂ, ಅವರಲ್ಲಿಯೇ ವಿದ್ಯೆ ಕಲಿತು ಈಗ ಬೆಂಗಳೂರಿನಲ್ಲಿ ಗ್ರಂಥಪಾಲಕಿಯಾಗಿರುವ ಅವರ ಶಿಷ್ಯೆಗೂ ಒಂದು ಭಾನುವಾರ ನಡೆದ ಸಂಭಾಷಣೆ ಇದು. ಸಲಿಂಗಪ್ರೇಮಿಗಳು, ದ್ವಿಲಿಂಗಪ್ರೇಮಿಗಳು, ಲಿಂಗತ್ವ ಅಲ್ಪಸಂಖ್ಯಾತರು, ಇವರ ಇತಿಹಾಸಕ್ಕೂ ಸಾಹಿತ್ಯಕ್ಕೂ ಸಂಬಂಧಿಸಿದ ಗ್ರಂಥಗಳ ಪಟ್ಟಿಯೊಂದನ್ನು ಸಿದ್ಧಮಾಡಿ, ಊರಿನ ಗ್ರಂಥಾಲಯದಲ್ಲಿ ಅವುಗಳ ಹೆಸರಿನಲ್ಲಿ ಒಂದು ವಾರದ ಉತ್ಸವ ನಡೆಯಬೇಕೆಂಬ ಸೂಚನೆಯೊಡನೆ ಶಿಷ್ಯೆ ಗುರುಗಳ ಅಭಿಪ್ರಾಯಕ್ಕೆ ಕಳುಹಿಸಿದ್ದಳು. ಹೆಸರುಗಳನ್ನು ಬಿಟ್ಟು ಮಾತುಗಳನ್ನಷ್ಟೆ ಇಲ್ಲಿ ಕೊಟ್ಟಿದೆ.

ಹಿರಿಯರು: ಪಟ್ಟಿಯನ್ನು ಓದಿದೆನಮ್ಮ. ಪುಸ್ತಕಗಳ ಮಾತು ಆಮೇಲೆ ಆಡೋಣ. ಮೊದಲಿಗೆ ಉತ್ಸವದ ಏರ್ಪಾಡೇ ನನ್ನ ಮನಸ್ಸಿಗೆ ಒಗ್ಗಲಿಲ್ಲ. ಗ್ರಂಥಾಲಯಕ್ಕೆ ಬರುವವನು ಬೀದಿಯ ಗದ್ದಲವನ್ನು ಹೊರಗೆ ಬಿಟ್ಟು ಬರುತ್ತಾನೆ. ರಾಜ್ಯೋತ್ಸವವೋ ಗಾಂಧೀಜಯಂತಿಯೋ ಆದರೆ ಅದು ಸರ್ವರಿಗೂ ಸೇರಿದುದು, ತೋರಣ ಕಟ್ಟಿದರೂ ಶೋಭಿಸುತ್ತದೆ. ಕೆಲವರ ಅಂತರಂಗಕ್ಕೆ ಸೇರಿದ ವಿಷಯವನ್ನು ಹಾಗೆ ತೋರಣ ಕಟ್ಟಿ ಪ್ರದರ್ಶಿಸಿದರೆ ಅವರಿಗೆ ಅದರಿಂದ ಬರುವುದು ಮಾನವೋ ಮುಜುಗರವೋ, ನೀನೇ ಹೇಳು.

ಶಿಷ್ಯೆ: ಅಂತರಂಗಕ್ಕೆ ಸೇರಿದುದನ್ನು ಅಂತರಂಗದಲ್ಲಿಯೇ ಇರಗೊಟ್ಟಿದ್ದರೆ ಈ ಪಟ್ಟಿಯ ಅವಶ್ಯಕತೆಯೇ ಒದಗುತ್ತಿರಲಿಲ್ಲ, ಮೇಷ್ಟ್ರೇ. ಸಲಿಂಗಪ್ರೇಮವನ್ನು ಅಪರಾಧವಾಗಿಸಿದ, 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ಆ ಅಂತರಂಗದೊಳಕ್ಕೆ ಪೊಲೀಸರನ್ನು ಬಿಟ್ಟಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು, ಸಂದೇಹವೊಂದೇ ಸಾಕೆಂದು, ಹಿಜ್ರಾ ಸಮುದಾಯದವರ ಹೆಸರುಗಳನ್ನು ಸರ್ಕಾರದ ದಫ್ತರಿನಲ್ಲಿ ಬರೆಯಿಸಿತು. ಆ ಕಾಯಿದೆಯು ಜನರ ನೆನಪಿನಿಂದಲೇ ಅಳಿದುಹೋದ ಮೇಲೆಯೂ, 2011ರಷ್ಟು ಈಚೆಗೆ, ನಮ್ಮ ಕರ್ನಾಟಕ ಪೊಲೀಸ್ ಕಾಯಿದೆಯೊಳಕ್ಕೆ 36-ಎ ಎಂಬ ಕಲಮೊಂದು ನುಸುಳಿ, ಅದೇ ಜಾತಿಯ ಪಟ್ಟಿಯನ್ನು ಇಡುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ಕೊಟ್ಟಿತು. ಸಂಬಂಧಪಟ್ಟವರು ಉಚ್ಚ ನ್ಯಾಯಾಲಯದ ಬಾಗಿಲು ತಟ್ಟಿದ ತರುವಾಯ ಅದರ ಭಾಷೆ ಬದಲಾಯಿತು. ಇಷ್ಟು ಕಾಲ ಯಾರ ಹೆಸರುಗಳು ಅಪರಾಧಿಗಳ ದಫ್ತರಿಗೆ ಮಾತ್ರ ಏರುತ್ತಿದ್ದುವೋ, ಅವರು ಬರೆದ ಮತ್ತು ಅವರನ್ನು ಕುರಿತು ಬರೆದ ಗ್ರಂಥಗಳು ಊರಿನ ಗ್ರಂಥಸೂಚಿಗೆ ಏರಲಿ ಎಂಬುದೇ ನನ್ನ ಉತ್ಸವದ ತಿರುಳು.

ಹಿರಿಯರು: ದಫ್ತರಿನಿಂದ ಗ್ರಂಥಸೂಚಿಗೆ! ಮಾತು ಚೆನ್ನಾಗಿದೆ. ಆದರೆ ಅಂಥ ಗ್ರಂಥಾಲಯವನ್ನು ನೀನು ಕಣ್ಣಾರೆ ಕಂಡಿದ್ದೀಯೋ, ಇಲ್ಲವೆ ಮನಸ್ಸಿನಲ್ಲಿಯೇ ಕಟ್ಟಿಕೊಂಡಿದ್ದೀಯೋ?

ಶಿಷ್ಯೆ: ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕಂಡಿದ್ದೇನೆ. ‘ಕ್ವಿಯರ್ ಆರ್ಕೈವ್ ಫಾರ್ ಮೆಮೊರಿ, ರಿಫ್ಲೆಕ್ಷನ್ ಅಂಡ್ ಆಕ್ಟಿವಿಸಂ’ ಎಂಬ ದೀರ್ಘನಾಮವುಳ್ಳ, ಬಳಕೆಯಲ್ಲಿ ‘ಕಮ್ರಾ’ ಎಂದು ಹ್ರಸ್ವವಾದ ದಾಖಲೆಗಳ ಭಂಡಾರವೊಂದು ಅಲ್ಲಿದೆ. 377ನೆಯ ಕಲಮಿನ ವಿರುದ್ಧ ನಡೆದ ದೀರ್ಘ ವ್ಯಾಜ್ಯದ ಕಾಲದಲ್ಲಿ ಚಿತ್ರನಿರ್ಮಾಪಕಿ ಟಿ. ಜಯಶ್ರೀಯವರು ವರ್ಷಗಟ್ಟಲೆ ಚಿತ್ರೀಕರಿಸಿಟ್ಟುಕೊಂಡ ಸಂದರ್ಶನಗಳೂ ದೃಶ್ಯಗಳೂ ಅದಕ್ಕೆ ಬೀಜವಾದುವು. ಅದೇ ಕಾನೂನು ಶಾಲೆಯಲ್ಲಿ 1997ರಷ್ಟು ಹಿಂದೆಯೇ ಸಲಿಂಗಿಗಳ ಹಕ್ಕುಗಳನ್ನು ಕುರಿತು ವಿಚಾರಸಂಕಿರಣವೊಂದು ನಡೆದಿತ್ತು. ಇನ್ನೂ ಒಂದು ಮಾತು: 1999ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಗಿ, ಮುಂದೆ ಬೀದಿಬೀದಿಗಳಲ್ಲಿ ಪೊಲೀಸರ ದೌರ್ಜನ್ಯಕ್ಕೆ ಎದುರುನಿಂತ ‘ಸಂಗಮ’ ಸಂಸ್ಥೆಯು ತನ್ನ ಮೊದಲ ಹೆಜ್ಜೆಯನ್ನಿಟ್ಟದ್ದು ದಾಖಲೆಗಳನ್ನೂ ಪುಸ್ತಕಗಳನ್ನೂ ಕೂಡಿಡುವ ಸಂಪನ್ಮೂಲ ಕೇಂದ್ರವಾಗಿ. ಅಂದಮೇಲೆ ನಮ್ಮ ನಾಡಿನ ಈ ಚಳವಳಿಗೆ ಪುಸ್ತಕಗಳ ಕಪಾಟೂ ಒಂದು ತವರುಮನೆಯೆನ್ನಬಹುದು.

ಹಿರಿಯರು: ಕೂಡಿಡುವುದರ ಮಹತ್ತ್ವವನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಲ್ಯಾಣದ ಕ್ರಾಂತಿಯ ತರುವಾಯ ಚೆದುರಿಹೋದ ವಚನಗಳು ಮುಂದಿನ ಶತಮಾನಗಳಲ್ಲಿ ಓಲೆಗರಿಗಳ ಕಟ್ಟುಗಳಲ್ಲಿ ಮೌನವಾಗಿ ಮಲಗಿದ್ದುವಷ್ಟೆ. ನಮ್ಮ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗ ಯತಿಗಳೂ ಅವರ ಶಿಷ್ಯಪರಂಪರೆಯೂ ಅವುಗಳನ್ನು ಅರಸಿ, ಜೋಡಿಸಿ, ವ್ಯಾಖ್ಯಾನ ಬರೆದು ಉಳಿಸಿಕೊಡದೆ ಹೋಗಿದ್ದರೆ, ಗೂಳೂರ ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯೂ ನಮಗೆ ಒದಗುತ್ತಿರಲಿಲ್ಲ, ಫ. ಗು. ಹಳಕಟ್ಟಿಯವರಿಗೆ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸಲು ಸಾಮಗ್ರಿಯೂ ದೊರೆಯುತ್ತಿರಲಿಲ್ಲ. ಆಡಿದ ಮಾತು ಎಷ್ಟೇ ದೊಡ್ಡದಾಗಿರಲಿ, ಕೂಡಿಟ್ಟವರಿಲ್ಲದಿದ್ದರೆ ಅದು ಆಡದಿದ್ದುದಕ್ಕೆ ಸಮಾನ. ಇಷ್ಟನ್ನು ಒಪ್ಪುತ್ತೇನೆ. ಆದರೂ ಕಾನೂನು ಶಾಲೆಯ ಭಂಡಾರವು ಸಂಶೋಧಕರದು. ಹುಲಿಯೂರುದುರ್ಗದ ಗ್ರಂಥಾಲಯಕ್ಕೆ ಬರುವವರು ಬೆಳಗಿನ ಪತ್ರಿಕೆಯ ವೃದ್ಧರು, ಪೊಲೀಸ್ ಪರೀಕ್ಷೆಗೋ ಎಫ್‌ಡಿಎ ಪರೀಕ್ಷೆಗೋ ಓದುವ ಹುಡುಗರು, ಕಾದಂಬರಿ ಒಯ್ಯುವ ಕೆಲವು ಹೆಣ್ಣುಮಕ್ಕಳು. ಇವರಿಗೆ ಈ ಪಟ್ಟಿಯಿಂದ ಏನು ಪ್ರಯೋಜನ?

ಶಿಷ್ಯೆ: ತಾವು ಎಣಿಸಿದ ಆ ಮೂರು ವರ್ಗಗಳಲ್ಲಿ ಯಾವುದರಲ್ಲಿ ಸಲಿಂಗಪ್ರೇಮಿಗಳೂ ಲಿಂಗತ್ವ ಅಲ್ಪಸಂಖ್ಯಾತರೂ ಇಲ್ಲವೆಂದು ಹೇಳಬಲ್ಲಿರಿ?

ಹಿರಿಯರು: ಇಲ್ಲವೆಂದು ನಾನು ಹೇಳೆನು. ಈ ಸೀಮೆಯ ಮೂಡಲಪಾಯದ ಆಟಗಳಲ್ಲಿ ಗಂಡಸರೇ ಸ್ತ್ರೀವೇಷ ಕಟ್ಟುತ್ತಿದ್ದರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘದಂಥ ಕಂಪನಿಗಳ ಕಾಲದಲ್ಲಿ ನಟಿಯರು ರಂಗಕ್ಕೆ ಬರುವುದಕ್ಕೆ ಮುಂಚೆ ಸ್ತ್ರೀಪಾತ್ರಗಳು ಗಂಡಸರವೇ ಆಗಿದ್ದುವು. ವೇಷ ಕಟ್ಟಿದವರೆಲ್ಲರೂ ನೀನು ಹೇಳುವ ಗುಂಪಿಗೆ ಸೇರಿದವರೆಂದರೆ ಅದು ಕಲೆಗೂ ಅನ್ಯಾಯ, ಸತ್ಯಕ್ಕೂ ಅನ್ಯಾಯ. ವೇಷವು ಬೆಳಗಾದರೆ ಕಳಚುವಂಥದು. ಆದರೆ ಆ ವೇಷದಲ್ಲಿದ್ದಾಗ ಮಾತ್ರವೇ ಉಸಿರು ಸರಾಗವಾಗಿ ಆಡುತ್ತಿದ್ದವರೂ ಇದ್ದಿರಬಹುದೆಂದು ಈಗ ತೋರುತ್ತದೆ. ಅವರು ಯಾವ ಪುಸ್ತಕವೂ ಇಲ್ಲದೆ ಬಾಳಿ ಹೋದರು.

ಶಿಷ್ಯೆ: ಹೇಗೆ ಬಾಳಿದರು ಎಂಬುದನ್ನು ತಿಳಿಯುವ ಉಪಾಯವೂ ಇಲ್ಲದಂತೆ ಬಾಳಿದರು. ಅಮೆರಿಕದ ಬಾರ್ಬರಾ ಗಿಟ್ಟಿಂಗ್ಸ್ ಎಂಬಾಕೆಯ ಕಥೆ ಕೇಳಿ. ತಾನು ಯಾರೆಂಬುದನ್ನು ತಿಳಿಯಬೇಕೆಂದು ಆಕೆ ಕಾಲೇಜಿನ ಮೊದಲ ವರ್ಷದಲ್ಲಿ ಪಾಠಗಳನ್ನು ಬಿಟ್ಟು ಗ್ರಂಥಾಲಯದ ಕಪಾಟುಗಳ ನಡುವೆ ಅಲೆದಳು. ಅಲ್ಲಿ ಸಿಕ್ಕಿದುವು ವಿಕೃತ ಮನೋವಿಜ್ಞಾನದ ಗ್ರಂಥಗಳು, ರೋಗಲಕ್ಷಣಗಳ ವಿವರಣೆಗಳು. ಪರೀಕ್ಷೆಯಲ್ಲಿ ನಪಾಸಾಗಿ ಕಾಲೇಜು ಬಿಟ್ಟ ಆಕೆ ಕಾಲಕ್ರಮದಲ್ಲಿ, ಸ್ವತಃ ಗ್ರಂಥಪಾಲಕಿಯಲ್ಲದಿದ್ದರೂ, 1970ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದೊಳಗೆ ಸಲಿಂಗಿಗಳ ಕಾರ್ಯಪಡೆ ರೂಪುಗೊಂಡಾಗ ಅದನ್ನು ಸೇರಿ, ಮುಂದೆ ವರ್ಷಗಟ್ಟಲೆ ಅದನ್ನು ನಡೆಸಿದಳು. 1971ರಿಂದ ಆ ಕಾರ್ಯಪಡೆ ಉತ್ತಮ ಗ್ರಂಥಗಳಿಗೆ ಬಹುಮಾನ ಕೊಡುತ್ತ ಬಂದಿತು; ಅದೇ ಇಂದು ಸ್ಟೋನ್‌ವಾಲ್ ಪುಸ್ತಕ ಪ್ರಶಸ್ತಿಯೆಂದು ಹೆಸರಾಗಿದೆ. ನ್ಯೂಯಾರ್ಕಿನಲ್ಲಿ ಪೊಲೀಸರ ದಾಳಿಗೆ ಜನ ತಿರುಗಿಬಿದ್ದ 1969ರ ಜೂನ್ ತಿಂಗಳನ್ನು ಸ್ಮರಿಸಿ, ಆ ದೇಶದ ಊರೂರಿನ ಗ್ರಂಥಾಲಯಗಳು ಈಗ ಪ್ರತಿ ಜೂನಿನಲ್ಲಿ ಈ ಬಗೆಯ ಪುಸ್ತಕಗಳನ್ನು ಹೊರಗೆ ಜೋಡಿಸಿಡುತ್ತವೆ.

ಹಿರಿಯರು: ಅದು ಅಮೆರಿಕ. ನಮ್ಮಲ್ಲಿ ಅಂಥ ಓದುಗನಿಗೆ ಸಿಗುತ್ತಿದ್ದುದು ಏನು?

ಶಿಷ್ಯೆ: ನಮ್ಮಲ್ಲಿ ಸಿಗಬಹುದಾಗಿದ್ದ ಒಂದು ಗ್ರಂಥವನ್ನು ಬರೆದವರು ಬೆಂಗಳೂರಿನ ಕನ್ನಡತಿ, ತಮಗೆ ಅವರ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. 13 ಅಂಕಿಗಳ ಎರಡು ಸಂಖ್ಯೆಗಳನ್ನು 1980ರಲ್ಲಿ ಲಂಡನ್ನಿನಲ್ಲಿ 28 ಸೆಕೆಂಡುಗಳೊಳಗೆ ಮನಸ್ಸಿನಲ್ಲಿಯೇ ಗುಣಿಸಿದ ಶಕುಂತಲಾ ದೇವಿಯವರು!

ಹಿರಿಯರು: ಗಣಿತದ ಶಕುಂತಲಾ ದೇವಿಯವರೆ? ಅವರ ಲೆಕ್ಕದ ಒಗಟುಗಳನ್ನು ನಾನು ಮಕ್ಕಳಿಗೆ ಬಿಡಿಸಲು ಕೊಡುತ್ತಿದ್ದುದುಂಟು.

ಶಿಷ್ಯೆ: ಅವರೇ. ‘ದಿ ವರ್ಲ್ಡ್ ಆಫ್ ಹೋಮೋಸೆಕ್ಶುಯಲ್ಸ್’ ಎಂಬ ಗ್ರಂಥವನ್ನು 1977ರಲ್ಲಿ ಪ್ರಕಟಿಸಿ, ಸಲಿಂಗಪ್ರೇಮವನ್ನು ಅಪರಾಧವೆನ್ನುವ ಕಾನೂನು ಹೋಗಬೇಕೆಂದೂ, ಅಂಥವರನ್ನು ಸಹಿಸಿಕೊಂಡರೆ ಸಾಲದು, ಪೂರ್ಣವಾಗಿ ಅಂಗೀಕರಿಸಬೇಕೆಂದೂ ವಾದಿಸಿದರು. ಸರ್ವೋಚ್ಚ ನ್ಯಾಯಾಲಯವು ಅದೇ ನಿರ್ಣಯದ ಮೊದಲ ಭಾಗಕ್ಕೆ ಬಂದು ನಿಂತದ್ದು 2018ರ ಸೆಪ್ಟೆಂಬರ್ 6ರಂದು. ನಡುವೆ ಕಳೆದುದು 41 ವರ್ಷ. ಆ ಗ್ರಂಥದಲ್ಲಿ ಶ್ರೀರಂಗದ ದೇವಾಲಯದ ವಿದ್ವಾಂಸ ಅರ್ಚಕರೊಬ್ಬರೊಡನೆ ನಡೆಸಿದ ಸಂದರ್ಶನವಿದೆ. ಹೀಗೆ ಪ್ರೀತಿಸುವವರು ಹಿಂದಿನ ಜನ್ಮದಲ್ಲಿ ಸ್ತ್ರೀಪುರುಷರಾಗಿದ್ದ ಪ್ರೇಮಿಗಳಿರಬೇಕು, ದೇಹದ ಲಿಂಗ ಬದಲಾದರೂ ಆತ್ಮಗಳ ಒಲವು ಬದಲಾಗುವುದಿಲ್ಲ ಎಂಬ ಭಾವದ ಮಾತನ್ನು ಆ ವೃದ್ಧ ವೈಷ್ಣವರು ಆಡಿದ್ದಾರೆ.

ಹಿರಿಯರು: ಭಲೆ! ಜೇಡರ ದಾಸಿಮಯ್ಯನು, ಹೆಣ್ಣುಗಂಡುಗಳೆಂಬ ಭೇದವು ದೇಹದ ಗುರುತಿಗೆ ಸೇರಿದುದೇ ಹೊರತು ಒಳಗಿನ ಆತ್ಮಕ್ಕಲ್ಲವೆಂದು ನಿರ್ಣಯಿಸಿದುದನ್ನು ನಾನು ಎಷ್ಟು ತರಗತಿಗಳಿಗೆ ಪಾಠ ಹೇಳಿದ್ದೇನೋ. ಆ ತರಗತಿಯಲ್ಲಿಯೇ ಕುಳಿತ ಯಾವನೋ ಒಬ್ಬನಿಗೆ ಅದು ತತ್ತ್ವಕ್ಕಿಂತ ಹತ್ತಿರದ ಮಾತಾಗಿದ್ದೀತೆಂದು ಒಮ್ಮೆಯೂ ಆಲೋಚಿಸಿರಲಿಲ್ಲ. ಆದರೆ ಇಲ್ಲಿಯೇ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಹಳೆಯ ಗ್ರಂಥಗಳನ್ನು ಇಂದಿನ ಕಟಕಟೆಗೆ ಎಳೆದುತಂದು ಸಾಕ್ಷಿ ಹೇಳಿಸುವ ಚಪಲ ಬೇಡ. ಕುಮಾರವ್ಯಾಸನ ಬೃಹನ್ನಳೆಯು ಊರ್ವಶಿಯ ಶಾಪವನ್ನು ಅಜ್ಞಾತವಾಸದ ಅನುಕೂಲಕ್ಕೆ ತಿರುಗಿಸಿಕೊಂಡ ಅರ್ಜುನ. ವರ್ಷ ತುಂಬಿದೊಡನೆ ಅವನು ಗಾಂಡೀವವನ್ನು ಹಿಡಿದನು. ಶಾಪವೂ ಅಲ್ಲದ, ಅವಧಿಯೂ ಇಲ್ಲದ ಬಾಳನ್ನು ಬಾಳುವವರಿಗೆ ಅವನು ಉದಾಹರಣೆಯಾಗಲಾರ. ದಾಸಿಮಯ್ಯನೂ ಲಿಂಗತ್ವದ ಹಕ್ಕುಗಳನ್ನು ಕುರಿತು ಹೇಳುತ್ತಿರಲಿಲ್ಲ.

ಶಿಷ್ಯೆ: ಆ ಎಚ್ಚರಿಕೆ ನನಗೂ ಬೇಕಾದುದೇ. ಅದಕ್ಕಾಗಿಯೇ ಪಟ್ಟಿಯಲ್ಲಿ ಘೋಷಣೆಯ ಪುಸ್ತಿಕೆಗಳಿಗಿಂತ ಇತಿಹಾಸದ ಗ್ರಂಥಗಳು ಹೆಚ್ಚಾಗಿವೆ. ರೂತ್ ವನಿತಾ ಮತ್ತು ಸಲೀಂ ಕಿದ್ವಾಯಿಯವರು 2000ದಲ್ಲಿ ಸಂಪಾದಿಸಿದ ‘ಸೇಮ್-ಸೆಕ್ಸ್ ಲವ್ ಇನ್ ಇಂಡಿಯಾ’ ಭಾರತದ ಅನೇಕ ಭಾಷೆಗಳ, ಅನೇಕ ಶತಮಾನಗಳ ಮೂಲಗಳನ್ನು ಒಂದೆಡೆ ಕೂಡಿಸಿ, ಪ್ರತಿಯೊಂದಕ್ಕೂ ಅದರ ಕಾಲದ ಹಿನ್ನೆಲೆಯನ್ನು ಒದಗಿಸಿ, ತೀರ್ಪನ್ನು ಓದುಗನಿಗೆ ಬಿಡುತ್ತದೆ. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್-ಕರ್ನಾಟಕದವರು 2001 ಮತ್ತು 2003ರಲ್ಲಿ ಹೊರತಂದ ವರದಿಗಳು ನಮ್ಮ ರಾಜಧಾನಿಯ ಬೀದಿಗಳಲ್ಲಿಯೂ ಠಾಣೆಗಳಲ್ಲಿಯೂ ಈ ಜನ ಅನುಭವಿಸಿದುದನ್ನು ಅವರದೇ ಬಾಯಿಂದ ಕೇಳಿ ದಾಖಲಿಸಿವೆ.

ಹಿರಿಯರು: ಇವೆಲ್ಲ ಇಂಗ್ಲಿಷ್ ಗ್ರಂಥಗಳು. ಹುಲಿಯೂರುದುರ್ಗದವನಿಗೆ ಕನ್ನಡದಲ್ಲಿ ಏನಿದೆ?

ಶಿಷ್ಯೆ: ಸಂಡೂರಿನ ಕಡೆಯ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿ ಬಂದಿತು. ಅದೇ ವರ್ಷದ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು, 2009ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ತೆರೆದಿದ್ದ ಬಾಗಿಲನ್ನು ಮತ್ತೆ ಮುಚ್ಚಿ, 377ನೆಯ ಕಲಮನ್ನು ಊರ್ಜಿತಗೊಳಿಸಿತೆಂಬುದನ್ನು ನೆನೆದರೆ, ಆ ಲೇಖಕರು ತೆಗೆದುಕೊಂಡ ಹೊಣೆ ಎಂಥದೆಂದು ತಿಳಿಯುತ್ತದೆ. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಜನಮನದಾಟ ತಂಡದವರು ಅದನ್ನು ರಂಗಕ್ಕೂ ತಂದರು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆ ತಮಿಳ್ ಸೆಲ್ವಿಯವರ ಅನುವಾದದಲ್ಲಿ ‘ನಾನು ಅವನಲ್ಲ ಅವಳು’ ಆಯಿತು; ಅದನ್ನು ಆಧರಿಸಿ ಬಿ. ಎಸ್. ಲಿಂಗದೇವರು ಮಾಡಿದ ಚಿತ್ರದ ಅಭಿನಯಕ್ಕಾಗಿ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಅರುಣ್ ಜೋಳದ ಕೂಡ್ಲಿಗಿಯವರ ನಿರೂಪಣೆಯಲ್ಲಿದೆ. ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಹಿರಿಯರು: ‘ಮೋಹನಸ್ವಾಮಿ’ಯನ್ನು ನೀನೇ ಒಮ್ಮೆ ಕಳುಹಿಸಿದ್ದೆ, ಓದಿದ್ದೇನೆ. ಕೆಲವೆಡೆ ನನ್ನ ವಯಸ್ಸಿಗೆ ಸಂಕೋಚವಾಯಿತು. ಆದರೆ ಮುಗಿಸಿದ ಮೇಲೆ, ನಾನು ಓದಿದುದು ಸಲಿಂಗಪ್ರೇಮದ ಕಥೆಯೆನ್ನುವುದಕ್ಕಿಂತ ಮನುಷ್ಯಮಾತ್ರರ ಒಂಟಿತನದ ಕಥೆಯೆಂದೇ ತೋರಿತು.

ಶಿಷ್ಯೆ: ಆ ಮಾತಿನ ಔದಾರ್ಯಕ್ಕೆ ನಮಸ್ಕಾರ, ಮೇಷ್ಟ್ರೇ, ಆದರೆ ಅದು ಅರ್ಧ ಸತ್ಯ. ಒಂಟಿತನ ಎಲ್ಲರಿಗೂ ಉಂಟು. ಮೋಹನಸ್ವಾಮಿಯ ಒಂಟಿತನಕ್ಕೆ ಮಾತ್ರ ದಂಡಸಂಹಿತೆಯ ಕಲಮಿನ ಸಂಖ್ಯೆಯಿತ್ತು. ಜೊತೆಯ ಹುಡುಗರ ಕುಚೋದ್ಯವಿತ್ತು. ಮದುವೆಯ ಮಾತೆತ್ತುವ ಬಂಧುಗಳ ಕಾಟವಿತ್ತು. ಮನುಷ್ಯಮಾತ್ರರ ಕಥೆಯೆಂದು ಮೆಚ್ಚಿಕೊಂಡು, ಅವನು ಯಾವ ಮನುಷ್ಯನೆಂಬುದನ್ನು ಮರೆತುಬಿಟ್ಟರೆ, ಅವನು ಮತ್ತೊಮ್ಮೆ ಒಂಟಿಯಾಗುತ್ತಾನೆ.

ಹಿರಿಯರು: ಒಪ್ಪಿದೆ. ಹಾಗಾದರೆ ಈ ಪುಸ್ತಕಗಳನ್ನು ಎಲ್ಲಿಡುವೆ? ಇದು ಸಣ್ಣ ಪ್ರಶ್ನೆಯಲ್ಲ. ಗ್ರಂಥಾಲಯದಲ್ಲಿ ಪುಸ್ತಕವನ್ನು ಇಡುವ ಸ್ಥಳವೇ ಅದನ್ನು ಕುರಿತ ಮೊದಲ ವಿಮರ್ಶೆ.

ಶಿಷ್ಯೆ: ನಮ್ಮ ಶಾಸ್ತ್ರದ ಇತಿಹಾಸವೇ ಅದಕ್ಕೆ ನಿದರ್ಶನ. ಡ್ಯೂಯಿಯ ದಶಮಾಂಶ ವರ್ಗೀಕರಣದಲ್ಲಿ ಸಲಿಂಗಪ್ರೇಮವನ್ನು ಕುರಿತ ಗ್ರಂಥಗಳು ಒಂದು ಕಾಲದಲ್ಲಿ ಮಾನಸಿಕ ವಿಕಾರಗಳ ನಡುವೆ ಕುಳಿತಿದ್ದುವು, ಆಮೇಲೆ ಸಾಮಾಜಿಕ ಸಮಸ್ಯೆಗಳ ಸಾಲಿಗೆ ಬಂದುವು, ಈಗ 306.76 ಎಂಬ ಸಂಖ್ಯೆಯಲ್ಲಿ, ಸಮಾಜ ಮತ್ತು ಸಂಸ್ಕೃತಿಯ ಗ್ರಂಥಗಳ ನಡುವೆ, ವಿವಾಹಕ್ಕೂ ಕುಟುಂಬಕ್ಕೂ ನೆರೆಯಲ್ಲಿ ನಿಂತಿವೆ. ಪುಸ್ತಕಗಳು ಇದ್ದಲ್ಲಿಯೇ ಇದ್ದುವು. ಸಮಾಜದ ದೃಷ್ಟಿ ಬದಲಾದಂತೆ ಬೆನ್ನಿನ ಮೇಲಣ ಸಂಖ್ಯೆ ಬದಲಾಯಿತು. ನನ್ನ ಇಚ್ಛೆಯೇನೆಂದರೆ, ಇವುಗಳಿಗೆ ಒಂದು ಪ್ರತ್ಯೇಕ ಕಪಾಟಿರಲಿ, ಅದಕ್ಕೆ ಬೀಗ ಇರದಿರಲಿ, ಮೇಲೆ ಸ್ಪಷ್ಟವಾದ ಫಲಕವಿರಲಿ.

ಹಿರಿಯರು: ಇಲ್ಲಿ ನಾನು ನಿನ್ನನ್ನು ತಡೆಯುತ್ತೇನೆ, ಮಗು. ಬೀಗವಿಲ್ಲದ ಕಪಾಟು ಬೆಂಗಳೂರಿನಲ್ಲಿ ತೆರೆದ ಕಪಾಟು. ಹುಲಿಯೂರುದುರ್ಗದಲ್ಲಿ ಅದಕ್ಕೆ ಕಣ್ಣುಗಳ ಬೀಗವಿರುತ್ತದೆ. ಗ್ರಂಥಾಲಯದ ಮೇಲ್ವಿಚಾರಕರು ಈ ಪುಸ್ತಕಗಳನ್ನು ಅರಸಿ ಬರುವ ಹುಡುಗನ ಸೋದರಮಾವನಿಗೆ ಪರಿಚಿತರು. ಎದುರಿನ ಮೇಜಿನಲ್ಲಿ ಪತ್ರಿಕೆ ಓದುತ್ತಿರುವವರು ಅವನ ತಂದೆಯ ಸಹಪಾಠಿ. ಬಾಗಿಲಲ್ಲಿ ಬಿಡುವ ಸೈಕಲ್ಲು ಯಾರದೆಂಬುದು ಸಂತೆಗೆಲ್ಲ ಗೊತ್ತು. ಫಲಕವುಳ್ಳ ಕಪಾಟಿನ ಮುಂದೆ ಅವನು ಎರಡು ನಿಮಿಷ ನಿಂತರೆ ಸಾಕು, ಸಂಜೆಯೊಳಗಾಗಿ ಅವನ ಮನೆಗೆ ಸುದ್ದಿ ತಲಪುತ್ತದೆ. ಉತ್ಸವಕ್ಕೆ ನಾನು ಹಿಂಜರಿದುದು ನಾಚಿಕೆಯಿಂದಲ್ಲ. ನಿನ್ನ ತೋರಣವು ಯಾರಿಗಾಗಿ ಕಟ್ಟಲ್ಪಡುತ್ತದೆಯೋ ಅವನೇ ಅದರ ಕೆಳಗೆ ಬರಲಾರದೆ ದೂರ ನಿಂತಾನೆಂಬ ಅಂಜಿಕೆಯಿಂದ.

ಶಿಷ್ಯೆ: ಇದಕ್ಕೆ ನನ್ನ ಬಳಿ ಸಿದ್ಧವಾದ ಉತ್ತರವಿಲ್ಲ. ತಾವೇ ಮೇಲ್ವಿಚಾರಕರಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಿರಿಯರು: ‘ಮೋಹನಸ್ವಾಮಿ’ಯನ್ನು ಸಣ್ಣಕಥೆಗಳ ಸಾಲಿನಲ್ಲಿ ಮಾಸ್ತಿಯವರಿಂದ ಅನತಿದೂರದಲ್ಲಿಯೂ, ಮಂಜಮ್ಮನವರನ್ನೂ ರೇವತಿಯವರನ್ನೂ ಆತ್ಮಕಥೆಗಳಲ್ಲಿಯೂ, ಕಾನೂನಿನ ಗ್ರಂಥಗಳನ್ನು ಕಾನೂನಿನಲ್ಲಿಯೂ ಇಡುತ್ತಿದ್ದೆ. ಯಾವುದರ ಮುಂದೆ ಯಾರು ನಿಂತರೂ ಅವರು ಯಾವ ಪುಸ್ತಕಕ್ಕಾಗಿ ನಿಂತರೆಂಬುದು ತಿಳಿಯಬಾರದು.

ಶಿಷ್ಯೆ: ಆದರೆ ಹುಡುಕುವವನಿಗೆ ಅವು ಸಿಗುವುದು ಹೇಗೆ? ಗಿಟ್ಟಿಂಗ್ಸಳಂತೆ ಅವನೂ ಕಪಾಟಿನಿಂದ ಕಪಾಟಿಗೆ ಅಲೆಯಬೇಕೆ? ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂದು 1931ರಲ್ಲಿ ಗ್ರಂಥಾಲಯಶಾಸ್ತ್ರಕ್ಕೆ ಸೂತ್ರ ಬರೆದ ಎಸ್. ಆರ್. ರಂಗನಾಥನ್ ಅವರು, ಓದುಗನ ಕಾಲವನ್ನು ಉಳಿಸಬೇಕೆಂಬುದನ್ನೂ ನಾಲ್ಕನೆಯ ಸೂತ್ರವಾಗಿ ಸೇರಿಸಿದ್ದಾರಷ್ಟೆ. ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿಯೇ ಡಿಆರ್‌ಟಿಸಿ ಎಂಬ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿದವರು. ಅವರ ಸೂತ್ರವನ್ನು ಬೆಂಗಳೂರಿನಿಂದ ಹುಲಿಯೂರುದುರ್ಗಕ್ಕೆ ತರಲಾರೆವೆ?

ಹಿರಿಯರು: ತರೋಣ. ಗೋಡೆಯ ಮೇಲೆ ವಿಷಯಸೂಚಿಗಳನ್ನು ತೂಗುಹಾಕಬಹುದಲ್ಲ: ರೇಷ್ಮೆ ಕೃಷಿ, ವಚನ ಸಾಹಿತ್ಯ, ಸ್ಪರ್ಧಾತ್ಮಕ ಪರೀಕ್ಷೆ, ರಂಗಭೂಮಿ, ಮಹಿಳೆ ಮತ್ತು ಕಾನೂನು. ಅವುಗಳ ಸಾಲಿನಲ್ಲಿ ನಿನ್ನ ಸೂಚಿಯೂ ಒಂದು. ಓದುಗನು ಎಲ್ಲವನ್ನೂ ನೋಡುವವನಂತೆ ನೋಡಿ, ಬೇಕಾದ ಸಂಖ್ಯೆಯನ್ನು ಗುರುತುಮಾಡಿಕೊಂಡು ಹೋಗಲಿ. ಅಲ್ಲಿಯೇ ಕುಳಿತು ಓದುವವನ ಹೆಸರನ್ನು ಬರೆದುಕೊಳ್ಳುವ ಪದ್ಧತಿ ಬೇಡ. ಎರವಲು ಪುಸ್ತಕವು ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿರುವುದು ಬೇಡ. ಯಾವ ಓದುಗನಿಗೂ, ಇದು ನಿನಗೇಕೆ ಎಂಬ ಪ್ರಶ್ನೆ ಬೇಡ. ನೋಡು, ಈ ಪಟ್ಟಿ ನಿನಗೇಕೆಂದು ನಾನೂ ಕೇಳಲಿಲ್ಲ, ಕೇಳುವುದೂ ಇಲ್ಲ.

ಶಿಷ್ಯೆ: ಕೇಳದಿದ್ದುದಕ್ಕೆ ಕೃತಜ್ಞಳು, ಮೇಷ್ಟ್ರೇ. ಆದರೆ ಇನ್ನೊಂದು ತಕರಾರು ಊರಿನಿಂದ ಬರುತ್ತದೆ. ಅದನ್ನು ತಾವು ಎತ್ತಲಿಲ್ಲ. ಮಕ್ಕಳ ಗತಿಯೇನೆಂದು ಕೇಳುತ್ತಾರೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿ, ‘ಓದುವ ಬೆಳಕು’ ಕಾರ್ಯಕ್ರಮವೂ ಆರಂಭವಾದ ಮೇಲೆ ಅರಿವು ಕೇಂದ್ರಗಳೆನಿಸಿದ ಈ ಗ್ರಂಥಾಲಯಗಳಿಗೆ ಮಕ್ಕಳೂ ಬಹಳವಾಗಿ ಬರುತ್ತಿದ್ದಾರೆ.

ಹಿರಿಯರು: ಮಕ್ಕಳಿಗೆ ಮಕ್ಕಳ ವಿಭಾಗವಿದೆ; ದೊಡ್ಡವರ ಪುಸ್ತಕಗಳನ್ನು ದೊಡ್ಡವರ ವಿಭಾಗದಲ್ಲಿಡುವುದು ಎಂದಿನಿಂದಲೂ ನಡೆದುಬಂದ ಕ್ರಮ; ಈ ಪುಸ್ತಕಗಳಿಗೆ ಅದಕ್ಕಿಂತ ಹೆಚ್ಚಿನ ಕಟ್ಟೂ ಬೇಡ, ಕಡಮೆಯ ಕಟ್ಟೂ ಬೇಡ. ಗಂಡನಾದ ಅರಸನನ್ನು ಬಿಟ್ಟು ಕುರೂಪಿಯಾದ ಮಾವಟಿಗನಿಗೆ ಒಲಿದ ಅಮೃತಮತಿಯ ಕಥೆಯನ್ನು ಜನ್ನನು 1209ರಲ್ಲಿ ಬರೆದನು. ಅದನ್ನು ನಾವು ಪದವಿ ತರಗತಿಗಳಲ್ಲಿ ಪಾಠ ಮಾಡುತ್ತಿಲ್ಲವೆ? ಓದಿದ ಹುಡುಗಿಯರೆಲ್ಲ ಮಾವಟಿಗರನ್ನು ಅರಸಿ ಹೋದರೆ? ಪುಸ್ತಕ ಓದಿ ಸಲಿಂಗಪ್ರೇಮಿಯಾಗುವುದಾದರೆ, ಇಷ್ಟು ಕಾಲ ಬೇರೆ ಬಗೆಯ ಪುಸ್ತಕಗಳನ್ನೇ ಓದಿದವರಲ್ಲಿ ಆ ಪ್ರೇಮ ಎಲ್ಲಿಂದ ಹುಟ್ಟಿತು? ಈ ತಕರಾರಿಗೆ ನಾನು ಸಭೆಯಲ್ಲಿಯೇ ಉತ್ತರ ಹೇಳಬಲ್ಲೆ.

ಶಿಷ್ಯೆ: ಹೇಳುವವರು ಬೇಕಾಗುತ್ತಾರೆ. ಅಂಥವರ ಮಾತು ನಡೆಯದೆಹೋದರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನ ಕೇಳಿ. ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯರು 1919ರಲ್ಲಿ ಬರ್ಲಿನ್ ನಗರದಲ್ಲಿ ಲೈಂಗಿಕ ವಿಜ್ಞಾನದ ಸಂಸ್ಥೆಯೊಂದನ್ನೂ ಅದರೊಳಗೆ ಮಹಾಗ್ರಂಥಾಲಯವೊಂದನ್ನೂ ಕಟ್ಟಿದ್ದರು. 1933ರ ಮೇ 6ರಂದು ನಾಜೀ ಪಕ್ಷದ ವಿದ್ಯಾರ್ಥಿಗಳು ಅದನ್ನು ಲೂಟಿಮಾಡಿ, ನಾಲ್ಕು ದಿನಗಳ ಮೇಲೆ ನಡುಚೌಕದಲ್ಲಿ ಆ ಗ್ರಂಥಗಳಿಗೆ ಬೆಂಕಿಯಿಟ್ಟರು. ಲೋಕಪ್ರವಾಸಕ್ಕೆ ಹೊರಟು 1931ರಲ್ಲಿ ನಮ್ಮ ದೇಶವನ್ನೂ ಸಂದರ್ಶಿಸಿದ್ದ ಆ ವೈದ್ಯರು, ಸ್ವದೇಶಕ್ಕೆ ಮರಳಲಾರದೆ, ಪ್ಯಾರಿಸ್ಸಿನ ಚಿತ್ರಮಂದಿರವೊಂದರ ವಾರ್ತಾಚಿತ್ರದಲ್ಲಿ ತಮ್ಮ ಗ್ರಂಥಾಲಯ ಉರಿಯುವುದನ್ನು ನೋಡಬೇಕಾಯಿತು. ಈಗ ತಾವು ಹೇಳಿದ ಏರ್ಪಾಡನ್ನು ನಾನು ಮನಸಾರೆ ಒಪ್ಪುತ್ತೇನೆ: ಪುಸ್ತಕಗಳು ಚೆದುರಿರಲಿ, ಸೂಚಿ ಒಂದಾಗಿರಲಿ, ಫಲಕ ಬೇಡ. ಆದರೆ ಉತ್ಸವವನ್ನು ಪೂರ್ತಿಯಾಗಿ ಕೈಬಿಡಲಾರೆ. ಗುಟ್ಟಾಗಿ ಓದುವ ಅನುಕೂಲವನ್ನು ಮಾತ್ರ ಕೊಟ್ಟರೆ, ಗುಟ್ಟಾಗಿಯೇ ಇರು ಎಂದು ಹೇಳಿದಂತೆಯೂ ಆಗುತ್ತದೆ. ಆ ಹುಡುಗನಿಗೆ ಏಕಾಂತ ಬೇಕು, ನಿಜ. ಅವನ ತಾಯಿತಂದೆಗಳಿಗೆ ಬೇಕಾದುದು ನಾಲ್ಕು ಜನರ ಮುಂದೆ ಆಡಿದ ಒಂದು ಗೌರವದ ಮಾತು. 2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು, ಇತಿಹಾಸವು ಈ ಜನರಿಗೆ ಮಾತ್ರವಲ್ಲದೆ ಅವರ ಕುಟುಂಬಗಳಿಗೂ ಕ್ಷಮೆ ಕೇಳಬೇಕಾಗಿದೆಯೆಂಬ ಅಭಿಪ್ರಾಯ ಕೊಟ್ಟರು. ಆ ಕುಟುಂಬಗಳು ದೆಹಲಿಯ ತೀರ್ಪನ್ನು ಓದುವುದಿಲ್ಲ. ಊರಿನ ಮಾತನ್ನು ಕೇಳುತ್ತವೆ.

ಹಿರಿಯರು: ಇದು ನನಗೆ ಹೊಳೆದಿರಲಿಲ್ಲ. ತಾಯಿತಂದೆಗಳ ಪಾಲಿಗೆ ಊರೇ ನ್ಯಾಯಾಲಯ. ಸರಿ, ವಾರದ ಉತ್ಸವ ಬೇಡ, ಒಂದು ದಿನದ ಸಭೆ ಇರಲಿ. ಆಗಸ್ಟ್ 12ನ್ನು ರಂಗನಾಥನ್ ಅವರ ಜನ್ಮದಿನವೆಂದು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ. ಆ ದಿನ ಹೊಸದಾಗಿ ಬಂದ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೊಂದರ ಬಗ್ಗೆಯೂ ಒಬ್ಬೊಬ್ಬರು ಮಾತನಾಡಲಿ. ‘ನಡುವೆ ಸುಳಿವ ಹೆಣ್ಣು’ ಕುರಿತು ನಾನು ಮಾತನಾಡುತ್ತೇನೆ. ಮುದುಕ ಮೇಷ್ಟ್ರು ಆಡಿದರೆ ಅದು ಪಾಠವೆಂದು ಕೇಳಿಸಿಕೊಳ್ಳುತ್ತಾರೆ; ಹರೆಯದವರು ಆಡಿದರೆ ಅದೇ ಮಾತಿನ ಹಿಂದೆ ಕಾರಣ ಹುಡುಕುತ್ತಾರೆ.

ಶಿಷ್ಯೆ: ಗ್ರಂಥಾಲಯದ ಹಣದಲ್ಲಿ ಇಂಥ ಪುಸ್ತಕಗಳೇಕೆ ಎಂದು ಕೇಳಿದರೆ?

ಹಿರಿಯರು: ಆ ಹಣ ಯಾರದು? 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಮೇರೆಗೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ಎತ್ತುತ್ತಾರೆ. ಕರ ಕಟ್ಟುವವರಲ್ಲಿ ಇಂಥ ಮಕ್ಕಳ ತಾಯಿತಂದೆಗಳೂ ಇದ್ದಾರೆ, ಸ್ವತಃ ಇಂಥವರೂ ಇದ್ದಾರೆ. ನಮ್ಮ ಸರ್ಕಾರವೇ 2021ರಲ್ಲಿ, ದೇಶದಲ್ಲಿ ಮೊದಲಿಗೆ, ತನ್ನ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ನೂರಕ್ಕೆ ಒಂದರಂತೆ ಮೀಸಲಾತಿ ಕೊಟ್ಟಿದೆಯೆಂದು ನೀನೇ ಅಲ್ಲವೆ ಒಮ್ಮೆ ಹೇಳಿದ್ದು? ನೌಕರಿಗೆ ಅರ್ಹರಾದವರು ಅದರ ಪರೀಕ್ಷೆಗೆ ಓದಲು ಯಾವ ಗ್ರಂಥಾಲಯಕ್ಕೆ ಬರುತ್ತಾರೋ, ಆ ಗ್ರಂಥಾಲಯದಲ್ಲಿ ಅವರ ಬಾಳನ್ನು ಕುರಿತ ನಾಲ್ಕು ಪುಸ್ತಕಗಳಿರುವುದು ಅಧಿಕವಾಯಿತೆ?

ಶಿಷ್ಯೆ: ನಾಲ್ಕರಿಂದ ಆರಂಭವಾಗಲಿ. ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 17ರಂದು ವಿವಾಹದ ಹಕ್ಕನ್ನು ಒಪ್ಪದೆ ಆ ವಿಷಯವನ್ನು ಶಾಸನಸಭೆಗೆ ಬಿಟ್ಟಿತು. ಈ ಇತಿಹಾಸದ ಅಧ್ಯಾಯಗಳು ಇನ್ನೂ ಬರೆಯಲ್ಪಡುತ್ತಿವೆ. ಗ್ರಂಥಾಲಯವು ಬೆಳೆಯುವ ಜೀವಿಯೆಂಬುದು ರಂಗನಾಥನ್ ಅವರ ಐದನೆಯ ಸೂತ್ರ. ಪಟ್ಟಿಯನ್ನು ತಿದ್ದಿ, ಕನ್ನಡದ ಪುಸ್ತಕಗಳನ್ನು ಮೊದಲಿಗೆ ಹಾಕಿ, ಪಂಚಾಯಿತಿಗೆ ಕೊಡುತ್ತೇನೆ.

ಹಿರಿಯರು: ಕೊಡುವಾಗ ನನ್ನ ರುಜುವನ್ನೂ ಹಾಕಿಸಿಕೊಂಡು ಹೋಗು. ಈ ಸಂಭಾಷಣೆಯನ್ನು ಎಲ್ಲಿಯಾದರೂ ಅಚ್ಚುಹಾಕಿಸುವುದಾದರೆ ಕೊನೆಗೆ ಓದುಗರಿಗೆ ಹೀಗೆಂದು ಬರೆ: ಯಾವ ಪುಸ್ತಕ ಬೇಕೆಂದು ಸಾರ್ವಜನಿಕ ಗ್ರಂಥಾಲಯಕ್ಕೆ ಬರೆದು ಕೇಳಲು ಯಾವ ಓದುಗನೂ ಅಂಜಬೇಕಾಗಿಲ್ಲ, ತಮ್ಮೂರಿನ ಗ್ರಂಥಾಲಯದಲ್ಲಿ ಈ ಪುಸ್ತಕಗಳಿಲ್ಲದಿದ್ದರೆ, ತಮಗೆ ಬೇಕಾಗಿರಲಿ ಬೇಡವಾಗಿರಲಿ, ಬರೆದು ಕೇಳಿ. ಬಾಯಿಬಿಟ್ಟು ಕೇಳಲಾರದ ಓದುಗನೊಬ್ಬನ ಪರವಾಗಿ ಕೇಳುವುದು ಉಳಿದ ಓದುಗರ ಕರ್ತವ್ಯ.